ಸರೋಜಿನಿ ಮಹಿಷಿ

ಮಹಿಷಿ, ಸರೋಜಿನಿ ಬಿಂದೂರಾವ್ (1927-2015): ನ್ಯಾಯವಾದಿ, ಅಧ್ಯಾಪಕಿ, ಕವಯಿತ್ರಿ, ಅನುವಾದಕಿ, ಕರ್ನಾಟಕದಿಂದ ಲೋಕಸಭೆಗೆ ಆರಿಸಿಹೋದ ಪ್ರಥಮ ಮಹಿಳೆ. 1962ರಿಂದ 1980ರವರೆಗೆ ಎಡೆಬಿಡದೆ ನಾಲ್ಕು ಬಾರಿ ಧಾರವಾಡ ಉತ್ತರ ಕ್ಷೇತ್ರದ ಪ್ರತಿನಿಧಿಯಾಗಿ ಲೋಕಸಭೆಯಲ್ಲಿಯೂ, 1983ರಿಂದ 1990ರವರೆಗೆ ರಾಜ್ಯಸಭೆಯಲ್ಲಿಯೂ ಸೇವೆ ಸಲ್ಲಿಸಿದ ಇವರು, ಕೇಂದ್ರ ಮಂತ್ರಿಮಂಡಲದಲ್ಲಿ ಪ್ರವಾಸೋದ್ಯಮ ಮತ್ತು ನಾಗರಿಕ ವಿಮಾನಯಾನ ಖಾತೆಯನ್ನೂ ಕಾನೂನು, ನ್ಯಾಯ ಮತ್ತು ಕಂಪನಿ ವ್ಯವಹಾರಗಳ ಖಾತೆಯನ್ನೂ ರಾಜ್ಯಸಚಿವೆಯಾಗಿ ನಿರ್ವಹಿಸಿದರು. ಆದರೂ ಕನ್ನಡ ನಾಡಿನ ಜನಸಾಮಾನ್ಯರ ನಾಲಗೆಯ ಮೇಲೆ ಇವರ ಹೆಸರು ಇಂದಿಗೂ ನಿಂತಿರುವುದು ಏರಿದ ಪದವಿಗಳಿಂದಲ್ಲ, 1980ರ ದಶಕದಲ್ಲಿ ಕನ್ನಡಿಗರ ಉದ್ಯೋಗಾವಕಾಶಗಳನ್ನು ಕುರಿತು ರಾಜ್ಯ ಸರ್ಕಾರಕ್ಕೆ ಒಪ್ಪಿಸಿದ, 'ಮಹಿಷಿ ವರದಿ' ಎಂದೇ ರೂಢಿಗೆ ಬಂದ ವರದಿಯಿಂದ.

ಜನನ, ಪರಿಸರ, ವಿದ್ಯಾಭ್ಯಾಸ

ಸರೋಜಿನಿ ಮಹಿಷಿಯವರು 1927ರ ಮಾರ್ಚ್ 3ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಬಿಂದೂರಾವ್, ತಾಯಿ ಕಮಲಾಬಾಯಿ. ಅಂದಿನ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲಾಸ್ಥಳ. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಆಶ್ರಯದಲ್ಲಿ ಕನ್ನಡದ ಜಾಗೃತಿ ಬೇರೂರಿದ್ದ ಊರು. ಕಚೇರಿಯ ಕಾಗದಗಳಲ್ಲಿ ಇಂಗ್ಲಿಷು, ಮೇಲಧಿಕಾರದ ಮಾತುಕತೆಯಲ್ಲಿ ಮರಾಠಿ, ಮನೆಯಲ್ಲಿಯೂ ಸಂತೆಯಲ್ಲಿಯೂ ಕನ್ನಡ ಎಂಬ ತ್ರಿವಿಧ ವ್ಯವಸ್ಥೆಯಲ್ಲಿ ಬೆಳೆದ ಆ ಭಾಗದ ವಿದ್ಯಾವಂತರಿಗೆ, ಭಾಷೆಯೆಂಬುದು ಕಾವ್ಯದ ವಸ್ತುವಾಗಿದ್ದಂತೆಯೇ ನೌಕರಿಯ ಅರ್ಹತೆಯ ಪ್ರಶ್ನೆಯೂ ಆಗಿದ್ದಿತೆಂಬುದನ್ನು, ಮಹಿಷಿಯವರ ಉತ್ತರಜೀವನದ ಕಾರ್ಯವನ್ನು ಪರಿಶೀಲಿಸುವಾಗ ನೆನಪಿನಲ್ಲಿಡಬೇಕು.

ಉಚ್ಚ ಶಿಕ್ಷಣಕ್ಕಾಗಿ ಇವರು ಸಾಂಗಲಿಯ ವಿಲಿಂಗ್ಡನ್ ಕಾಲೇಜನ್ನು ಸೇರಿದರು. ಡೆಕ್ಕನ್ ಎಜುಕೇಶನ್ ಸೊಸೈಟಿಯವರು 1919ರಲ್ಲಿ ಆರಂಭಿಸಿದ ಈ ವಿದ್ಯಾಸಂಸ್ಥೆ, ದಕ್ಷಿಣ ಮಹಾರಾಷ್ಟ್ರಕ್ಕೂ ಕೃಷ್ಣಾತೀರದ ಕನ್ನಡ ಸೀಮೆಗೂ ಸಮಾನವಾಗಿ ಸಲ್ಲುತ್ತಿದ್ದ ಕೇಂದ್ರ. ಆ ಕಾಲದ ರಾಜಕೀಯ ನಕಾಶೆಯಲ್ಲಿ ಈ ಕನ್ನಡ ಸೀಮೆಯ ತೇರದಾಳ ಮತ್ತು ರಬಕವಿಗಳು ಸಾಂಗಲಿ ಸಂಸ್ಥಾನದವು. ಹೊಲದ ಬದುವಿನಷ್ಟೇ ದೂರದಲ್ಲಿದ್ದ ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ಮುಧೋಳವು ಘೋರ್ಪಡೆಯವರ ಪ್ರತ್ಯೇಕ ಸಂಸ್ಥಾನ. ಬೀಳಗಿ ಬ್ರಿಟಿಷರ ನೇರ ಆಡಳಿತದ ವಿಜಾಪುರ ಜಿಲ್ಲೆಯದು. ಒಂದೇ ಭಾಷೆಯನ್ನಾಡುವ, ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಜನರು ಹೀಗೆ ನಾಲ್ಕು ಆಡಳಿತಗಳಿಗೆ ಹಂಚಿಹೋಗಿದ್ದ ಕಾಲದಲ್ಲಿ, ಓದಿದವನಿಗೆ ಚಾಕರಿ ಎಲ್ಲಿ, ಯಾವ ಭಾಷೆಯ ಬಲದಿಂದ ದೊರೆಯುವುದೆಂಬ ಚಿಂತೆ ಮನೆಮನೆಯದಾಗಿದ್ದಿತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಬಹುಪಾಲು ಕನ್ನಡ ಪ್ರದೇಶಗಳು ವಿಶಾಲ ಮೈಸೂರು ರಾಜ್ಯದಲ್ಲಿ ಒಂದುಗೂಡಿದವು. ಜಮಖಂಡಿ ತಾಲೂಕಿನ ಸಾವಳಗಿಯವರಾದ ಬಿ. ಡಿ. ಜತ್ತಿಯವರು 1958ರಲ್ಲಿ ಆ ರಾಜ್ಯದ ಮುಖ್ಯಮಂತ್ರಿಯಾದದ್ದು ಈ ಏಕೀಕರಣದಿಂದ ಉತ್ತರದ ಜಿಲ್ಲೆಗಳಿಗೆ ಒದಗಿದ ರಾಜಕೀಯ ಪ್ರಾಶಸ್ತ್ಯದ ಕುರುಹು. ಅವರ ಅಧಿಕಾರಾವಧಿಯ ಕೊನೆಯ ತಿಂಗಳುಗಳಲ್ಲಿ ನಡೆದ ಮಹಾಚುನಾವಣೆಯಲ್ಲಿಯೇ ಮಹಿಷಿಯವರ ಸಂಸದೀಯ ಜೀವನ ಪ್ರಾರಂಭವಾಯಿತು.

ಸಂಸ್ಕೃತದಲ್ಲಿಯೂ ಕಾನೂನಿನಲ್ಲಿಯೂ ವ್ಯಾಸಂಗ ಮಾಡಿದ ಇವರು, ನ್ಯಾಯವಾದಿಯಾಗಿ ಕೆಲಕಾಲ ವೃತ್ತಿ ನಡೆಸಿದರು, ಅಧ್ಯಾಪನವನ್ನೂ ಕೈಕೊಂಡರು. ಹೆಣ್ಣುಮಕ್ಕಳು ಕರಿಯ ಕೋಟು ಧರಿಸಿ ನ್ಯಾಯಾಲಯದ ಕಟ್ಟೆ ಹತ್ತುವುದು ವಿರಳವಾಗಿದ್ದ ದಿನಗಳಲ್ಲಿ ಗಳಿಸಿದ ಈ ಅನುಭವ, ಮುಂದೆ ಮಸೂದೆಗಳ ಕಲಮುಗಳನ್ನು ಬಿಡಿಸಿ ನೋಡುವ ಸಂಸತ್ತಿನ ಕೆಲಸಕ್ಕೆ ಸಹಜವಾದ ಪೂರ್ವಸಿದ್ಧತೆಯಾಯಿತು.

ಲೋಕಸಭೆಯಲ್ಲಿ

1952 ಮತ್ತು 1957ರ ಚುನಾವಣೆಗಳಲ್ಲಿ ಧಾರವಾಡ ಉತ್ತರ ಕ್ಷೇತ್ರವನ್ನು ಪ್ರತಿನಿಧಿಸಿದವರು ಕೇಂದ್ರದ ಆರೋಗ್ಯಮಂತ್ರಿಯೂ ಆಗಿದ್ದ ಡಿ. ಪಿ. ಕರಮರಕರರು. ಅಂತಹ ಹಿರಿಯ ಮುತ್ಸದ್ದಿಯ ಸ್ಥಾನಕ್ಕೆ 1962ರಲ್ಲಿ ಕಾಂಗ್ರೆಸ್ ಪಕ್ಷದಿಂದ ಆರಿಸಿಬಂದಾಗ ಮಹಿಷಿಯವರ ವಯಸ್ಸು ಮೂವತ್ತೈದರ ಆಸುಪಾಸು. ಮೇಲ್ಮನೆಯಾದ ರಾಜ್ಯಸಭೆಯಲ್ಲಿ ವಯಲೆಟ್ ಆಳ್ವರು ಅದಕ್ಕೆ ಮುನ್ನವೇ ಈ ನಾಡಿನ ಪ್ರತಿನಿಧಿಯಾಗಿದ್ದರಾದರೂ, ಮತದಾರರ ಮುಂದೆ ನೇರವಾಗಿ ನಿಂತು ಗೆದ್ದು ಲೋಕಸಭೆಗೆ ಹೋದ ಕರ್ನಾಟಕದ ಮಹಿಳೆಯರಲ್ಲಿ ಮಹಿಷಿಯವರೇ ಮೊದಲಿಗರು.

ತರುವಾಯದ 1967, 1971 ಮತ್ತು 1977ರ ಚುನಾವಣೆಗಳಲ್ಲಿಯೂ ಅದೇ ಕ್ಷೇತ್ರದ ಜನ ಇವರನ್ನೇ ಕಳುಹಿಸಿದರು. ಈ ಹದಿನೆಂಟು ವರ್ಷಗಳು ಭಾರತದ ರಾಜಕೀಯ ಹಲವು ಮಗ್ಗುಲು ಬದಲಿಸಿದ ಅವಧಿ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಕರ್ನಾಟಕದ ಎಸ್. ನಿಜಲಿಂಗಪ್ಪನವರೇ ಒಂದು ಬಣದ ಅಗ್ರನಾಯಕರಾಗಿದ್ದರು. ಮಹಿಷಿಯವರು ಇಂದಿರಾ ಗಾಂಧಿಯವರ ಪಕ್ಷದಲ್ಲಿ ನಿಂತರು. 1971ರಲ್ಲಿ ರಾಜ್ಯದ 27 ಸ್ಥಾನಗಳೂ ಆ ಪಕ್ಷದ ಪಾಲಾದವು. 1977ರಲ್ಲಿ ಉತ್ತರ ಭಾರತದಾದ್ಯಂತ ಅದು ಕುಸಿದುಬಿದ್ದರೂ ಕರ್ನಾಟಕದ 28ರಲ್ಲಿ 26 ಸ್ಥಾನಗಳನ್ನು ಉಳಿಸಿಕೊಂಡಿತು. ಹೀಗಾಗಿ ತಮ್ಮ ನಾಲ್ಕನೆಯ ಅವಧಿಯಲ್ಲಿ ಮಹಿಷಿಯವರು ಮೊದಲ ಬಾರಿಗೆ ವಿರೋಧ ಪಕ್ಷದ ಆಸನಗಳಲ್ಲಿ ಕುಳಿತು ಕೆಲಸ ಮಾಡಬೇಕಾಯಿತು. 1980ರ ಚುನಾವಣೆಯಲ್ಲಿ ಈ ಕ್ಷೇತ್ರ ಡಿ. ಕೆ. ನಾಯ್ಕರ್ ಅವರಿಗೆ ಸಂದಿತು.

ಸಚಿವಪದವಿ

1970ರ ದಶಕದ ಪೂರ್ವಾರ್ಧದಲ್ಲಿ ಇವರು ಪ್ರವಾಸೋದ್ಯಮ ಮತ್ತು ನಾಗರಿಕ ವಿಮಾನಯಾನ ಖಾತೆಯ ರಾಜ್ಯಸಚಿವೆಯಾಗಿದ್ದರು. 1953ರಲ್ಲಿ ರಾಷ್ಟ್ರೀಕರಣಗೊಂಡ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಗಳ ಹೊರತು ದೇಶದ ಆಕಾಶದಲ್ಲಿ ನಿಯತ ಯಾನಕ್ಕೆ ಬೇರೆ ದಾರಿಯಿಲ್ಲದಿದ್ದ ಆ ಕಾಲದಲ್ಲಿ, ವಿಮಾನದ ವೇಳಾಪಟ್ಟಿಯಿಂದ ಹಿಡಿದು ನಿಲ್ದಾಣದ ಸೌಕರ್ಯದವರೆಗಿನ ಪ್ರತಿಯೊಂದು ದೂರಿಗೂ ಸಭೆಯ ಪ್ರಶ್ನೋತ್ತರ ವೇಳೆಯಲ್ಲಿ ಸಚಿವಾಲಯವೇ ಉತ್ತರ ಹೇಳಬೇಕಾಗುತ್ತಿದ್ದಿತು. ದೊಡ್ಡ ವಿಮಾನ ನಿಲ್ದಾಣಗಳ ನಿರ್ವಹಣೆಯನ್ನು ಸ್ವತಂತ್ರ ಪ್ರಾಧಿಕಾರಕ್ಕೆ ವಹಿಸುವ ಶಾಸನ ಬಂದುದು 1971ರಲ್ಲಿ.

ಅನಂತರ ಇವರಿಗೆ ವಹಿಸಲ್ಪಟ್ಟ ಕಾನೂನು, ನ್ಯಾಯ ಮತ್ತು ಕಂಪನಿ ವ್ಯವಹಾರಗಳ ಖಾತೆ ಇವರ ವಿದ್ವತ್ತಿಗೆ ಹೆಚ್ಚು ಹೊಂದುವಂತಹುದು. ಎಚ್. ಆರ್. ಗೋಖಲೆಯವರು ಸಂಪುಟದರ್ಜೆಯ ಕಾನೂನುಮಂತ್ರಿಯಾಗಿದ್ದ ಈ ಸಚಿವಾಲಯದಲ್ಲಿ ಮಹಿಷಿಯವರು ರಾಜ್ಯಸಚಿವೆಯಾಗಿದ್ದಾಗಲೇ, 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಪೌರಸ್ವಾತಂತ್ರ್ಯದ ದೃಷ್ಟಿಯಿಂದ ಅತ್ಯಂತ ವಿವಾದಾಸ್ಪದವಾದ ಆ ಅವಧಿಯ ಶಾಸನಕಾರ್ಯದ ಹೊಣೆಯಲ್ಲಿ ಆ ಸಚಿವಾಲಯದವರೆಲ್ಲರೂ ಪಾಲುದಾರರೆಂಬ ವಿಮರ್ಶೆಯಿಂದ, ಅಲ್ಲಿ ಸೇವೆ ಸಲ್ಲಿಸಿದ ಯಾರನ್ನೂ ಜೀವನಚರಿತ್ರಕಾರನು ಪೂರ್ಣವಾಗಿ ಹೊರಗಿರಿಸಲಾರ.

ರಾಜ್ಯಸಭೆ

ಕಾಂಗ್ರೆಸ್ಸನ್ನು ತೊರೆದು ಜನತಾ ಪಕ್ಷವನ್ನು ಸೇರಿದ ಮಹಿಷಿಯವರು 1983ರಲ್ಲಿ ರಾಜ್ಯಸಭೆಗೆ ಆಯ್ಕೆಯಾಗಿ, 1984ರಲ್ಲಿ ಪುನರಾಯ್ಕೆ ಹೊಂದಿ, 1990ರವರೆಗೆ ಮುಂದುವರಿದರು. ಎರಡು ಸದನಗಳನ್ನೂ ಕೂಡಿಸಿದರೆ ಇವರ ಸಂಸದೀಯ ಜೀವನ ಕಾಲು ಶತಮಾನವಾಗುತ್ತದೆ.

ಮಹಿಷಿ ವರದಿ: ಹಿನ್ನೆಲೆ

1981ರಲ್ಲಿ ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ಶಾಲಾಶಿಕ್ಷಣದಲ್ಲಿ ಕನ್ನಡದ ಸ್ಥಾನವನ್ನು ಕುರಿತು ವರದಿ ಕೊಟ್ಟಿತು. 1982ರಲ್ಲಿ ಅದರ ಜಾರಿಗಾಗಿ ನಡೆದ ಚಳವಳಿಗೆ ನಟ ರಾಜಕುಮಾರರ ನೇತೃತ್ವ ದೊರೆತು ನಾಡೆಲ್ಲ ಎದ್ದುನಿಂತಿತು. ಶಾಲೆಯಲ್ಲಿ ಕನ್ನಡ ಕಲಿತ ಹುಡುಗನಿಗೆ ಮುಂದೆ ಅನ್ನದ ದಾರಿ ಯಾವುದೆಂಬುದು ಆ ಚಳವಳಿಯ ಬೆನ್ನ ಹಿಂದೆಯೇ ಬಂದ ಪ್ರಶ್ನೆ. ಬೆಂಗಳೂರಿನಲ್ಲಿ 1940ರಿಂದ ಮೊದಲ್ಗೊಂಡು ಹಿಂದೂಸ್ತಾನ್ ಏರೋನಾಟಿಕ್ಸ್, ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಮುಂತಾದ ಬೃಹತ್ ಉದ್ಯಮಗಳು ತಲೆಯೆತ್ತಿದ್ದವು. ಅವುಗಳಿಗೆ ನೆಲ, ನೀರು, ವಿದ್ಯುತ್ತುಗಳನ್ನು ಒದಗಿಸಿದ ನಾಡಿನ ಮಕ್ಕಳಿಗೆ ಅವುಗಳ ಬಾಗಿಲು ಎಷ್ಟರ ಮಟ್ಟಿಗೆ ತೆರೆದಿದೆಯೆಂಬ ಸಂದೇಹ ಕನ್ನಡ ಸಂಘಟನೆಗಳನ್ನು ಬಹುಕಾಲದಿಂದ ಕಾಡುತ್ತಿದ್ದಿತು.

ನೇಮಕಾತಿಯ ವ್ಯವಹಾರವನ್ನು ಸಮೀಪದಿಂದ ನೋಡಿದರೆ ಈ ದೂರಿನ ಸ್ವರೂಪ ಸ್ಪಷ್ಟವಾಗುತ್ತದೆ. 1959ರ ಶಾಸನದ ಪ್ರಕಾರ ಉದ್ಯಮಗಳು ತಮ್ಮಲ್ಲಿ ತೆರವಾದ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಬೇಕಾಗಿದ್ದಿತು. ಆದರೆ ಆ ಕಚೇರಿ ಕಳುಹಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ನಿರ್ಬಂಧ ಆ ಶಾಸನದಲ್ಲಿರಲಿಲ್ಲ. ಜಮಖಂಡಿಯ ಕಡೆಯ ಹತ್ತನೆಯ ಇಯತ್ತೆ ಪಾಸಾದ ನೇಕಾರರ ಮಗ ತನ್ನ ಹೆಸರನ್ನು ನೋಂದಾಯಿಸಿ, ಚೀಟಿಯನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳುತ್ತ, ಕರೆಯೋಲೆಗಾಗಿ ಕಾದಿರಬಹುದಾಗಿದ್ದಿತು. ಕಾರಖಾನೆಯಾದರೋ ತೆರವನ್ನು ವಿಧಿವತ್ತಾಗಿ ತಿಳಿಸಿ, ಆಯ್ಕೆಯನ್ನು ತನಗೆ ತೋರಿದಂತೆ ಮಾಡಿಕೊಳ್ಳಬಹುದಾಗಿದ್ದಿತು. ಕಾನೂನು ಪಾಲನೆಯಾಗಿಯೂ ಉದ್ದೇಶ ಈಡೇರದ ಈ ಬಿರುಕನ್ನೇ ಮಹಿಷಿ ಸಮಿತಿ ಮುಚ್ಚಲು ಯತ್ನಿಸಿತು.

ವರದಿಯ ಸಾರ

1983ರ ಜನವರಿಯಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರ ಮಹಿಷಿಯವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ರಚಿಸಿತು. ಸಮಿತಿ 1984ರ ಜೂನ್‌ನಲ್ಲಿ ಮಧ್ಯಂತರ ವರದಿಯನ್ನೂ, 1986ರ ಡಿಸೆಂಬರ್‌ನಲ್ಲಿ ಅಂತಿಮ ವರದಿಯನ್ನೂ ಒಪ್ಪಿಸಿತು. ಒಟ್ಟು 58 ಶಿಫಾರಸುಗಳಲ್ಲಿ 45ನ್ನು ಸರ್ಕಾರ ತತ್ತ್ವತಃ ಅಂಗೀಕರಿಸಿತು.

ಶಿಫಾರಸುಗಳ ತಿರುಳು ಹೀಗಿದೆ. ರಾಜ್ಯ ಸರ್ಕಾರದ ಇಲಾಖೆಗಳಲ್ಲಿಯೂ ರಾಜ್ಯದ ಸಾರ್ವಜನಿಕ ಉದ್ಯಮಗಳಲ್ಲಿಯೂ ನೂರಕ್ಕೆ ನೂರು ಹುದ್ದೆಗಳು ಕನ್ನಡಿಗರಿಗೆ ಸಲ್ಲಬೇಕು. ಕರ್ನಾಟಕದಲ್ಲಿರುವ ಕೇಂದ್ರ ಸರ್ಕಾರದ ಕಚೇರಿ ಮತ್ತು ಉದ್ಯಮಗಳಲ್ಲಿ 'ಸಿ' ಮತ್ತು 'ಡಿ' ವರ್ಗದ ಹುದ್ದೆಗಳೆಲ್ಲವೂ, 'ಬಿ' ವರ್ಗದಲ್ಲಿ ಕನಿಷ್ಠ 80 ಪ್ರತಿಶತ, 'ಎ' ವರ್ಗದಲ್ಲಿ ಕನಿಷ್ಠ 65 ಪ್ರತಿಶತ ಹುದ್ದೆಗಳೂ ಅವರಿಗೆ ಮೀಸಲಿರಬೇಕು. ಖಾಸಗಿ ಕೈಗಾರಿಕೆಗಳಲ್ಲಿಯೂ ಕೆಳದರ್ಜೆಯ ಕೆಲಸಗಳಿಗೆ ಸ್ಥಳೀಯರನ್ನೇ ನೇಮಿಸಿಕೊಳ್ಳಬೇಕು.

ಈ ಅಂಕಿಗಳ ಏರಿಳಿತದಲ್ಲಿ ಒಂದು ವಿವೇಕ ಅಡಗಿದೆ. ಮೇಲ್ವರ್ಗದ ಹುದ್ದೆಗಳಿಗೆ ದೇಶವ್ಯಾಪಿ ಸ್ಪರ್ಧೆಯ ಅವಶ್ಯಕತೆಯನ್ನು ಒಪ್ಪಿ ಪ್ರಮಾಣವನ್ನು ಇಳಿಸಿದ ಸಮಿತಿ, ಜವಾನ, ಗುಮಾಸ್ತ, ಕಾರ್ಮಿಕ ಹುದ್ದೆಗಳ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ತೋರಲಿಲ್ಲ. ದೂರದ ಊರಿನಿಂದ ಇಂತಹ ಕೆಲಸಕ್ಕೆ ಜನರನ್ನು ಕರೆತರಲು ವಿಶೇಷ ಪರಿಣತಿಯ ನೆಪವಿಲ್ಲವೆಂಬುದೂ, ಸಾರ್ವಜನಿಕರೊಡನೆ ದಿನನಿತ್ಯ ಮಾತನಾಡಬೇಕಾದವರು ಈ ವರ್ಗದವರೇ ಎಂಬುದೂ ಇದರ ಹಿಂದಿನ ತರ್ಕ. ಕನ್ನಡಿಗನೆಂದರೆ ಯಾರೆಂಬುದಕ್ಕೂ ಹುಟ್ಟು, ಜಾತಿ, ಮನೆಮಾತುಗಳನ್ನು ಅಳತೆಗೋಲಾಗಿಸದೆ, ದೀರ್ಘಕಾಲದ ವಾಸ ಮತ್ತು ಕನ್ನಡದ ತಿಳಿವಳಿಕೆಗಳನ್ನು ಗಣಿಸುವ ಸಂಪ್ರದಾಯ ಈ ಚರ್ಚೆಯಲ್ಲಿ ನೆಲೆಗೊಂಡಿತು: ರಾಜ್ಯದಲ್ಲಿ ಹದಿನೈದು ವರ್ಷ ನೆಲೆಸಿ ಕನ್ನಡವನ್ನು ಓದಿ, ಬರೆದು, ಆಡಬಲ್ಲವನು ಮೂಲತಃ ಎಲ್ಲಿಯವನೇ ಆಗಿರಲಿ, ಕನ್ನಡಿಗನೇ.

ಶಿಫಾರಸುಗಳ ಗತಿ

ಅಂಗೀಕಾರಕ್ಕೂ ಅನುಷ್ಠಾನಕ್ಕೂ ನಡುವೆ ಅಡ್ಡನಿಂತದ್ದು ಸಂವಿಧಾನ. ಅದರ 16ನೆಯ ಅನುಚ್ಛೇದದ 2ನೆಯ ಖಂಡ ಸರ್ಕಾರಿ ಉದ್ಯೋಗದಲ್ಲಿ ಜನ್ಮಸ್ಥಳ ಅಥವಾ ವಾಸಸ್ಥಳದ ಆಧಾರದಿಂದ ಮಾತ್ರವೇ ಭೇದವೆಣಿಸುವುದನ್ನು ನಿಷೇಧಿಸುತ್ತದೆ. 3ನೆಯ ಖಂಡವಾದರೋ ವಾಸಸ್ಥಳದ ಅರ್ಹತೆಯನ್ನು ವಿಧಿಸುವ ಶಾಸನಾಧಿಕಾರವನ್ನು ಸಂಸತ್ತಿಗೆ ಮಾತ್ರ ಕೊಡುತ್ತದೆ. ಈ ಅಧಿಕಾರದಿಂದ ಸಂಸತ್ತು 1957ರಲ್ಲಿ ಮಾಡಿದ ಶಾಸನ, ತೆಲಂಗಾಣವೇ ಮೊದಲಾದ ಕೆಲವು ಪ್ರದೇಶಗಳನ್ನುಳಿದು ಎಲ್ಲೆಡೆಯೂ ವಾಸಸ್ಥಳದ ನಿಯಮಗಳನ್ನು ತೊಡೆದುಹಾಕಿತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯ ತೆಲಂಗಾಣದ ವಿನಾಯಿತಿಯನ್ನೂ ಅಸಿಂಧುವೆಂದಿತು. ಬಳಿಕ ಆಂಧ್ರ ಪ್ರದೇಶಕ್ಕಾಗಿ 1973ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು 371-ಡಿ ಅನುಚ್ಛೇದವನ್ನು ಸೇರಿಸಬೇಕಾಯಿತು. ಇದೇ ಮಾರ್ಗದಲ್ಲಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ 371-ಜೆ ಅನುಚ್ಛೇದದ ರಕ್ಷಣೆ 2013ರಲ್ಲಿ ದೊರೆಯಿತು. ಬಾಗಲಕೋಟೆ, ವಿಜಯಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಖಾಸಗಿ ಉದ್ಯಮಗಳ ವಿಷಯ ಇನ್ನೂ ಜಟಿಲ. ಸಮಾನತೆಯ ಹಕ್ಕು, ದೇಶದ ಯಾವ ಭಾಗದಲ್ಲಿಯಾದರೂ ನೆಲೆಸುವ ಹಕ್ಕು, ವ್ಯಾಪಾರ ನಡೆಸುವ ಹಕ್ಕು ಇವೆಲ್ಲ ಅಲ್ಲಿ ಎದುರಾಗುತ್ತವೆ. ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಹರಿಯಾಣದ ಕಾಯಿದೆಯನ್ನು ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ 2023ರ ನವೆಂಬರ್‌ನಲ್ಲಿ ರದ್ದುಗೊಳಿಸಿತು. ಕರ್ನಾಟಕದಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ 2017ರಲ್ಲಿ ಮಹಿಷಿ ವರದಿಯನ್ನು ಕಾಲಕ್ಕೆ ತಕ್ಕಂತೆ ಪರಿಷ್ಕರಿಸಿ ಸಲ್ಲಿಸಿತು. ಆಡಳಿತವರ್ಗದ ಹುದ್ದೆಗಳಲ್ಲಿ 50 ಪ್ರತಿಶತ, ಇತರ ಹುದ್ದೆಗಳಲ್ಲಿ 70 ಪ್ರತಿಶತ ಸ್ಥಳೀಯರಿಗೆಂದು ವಿಧಿಸುವ ಮಸೂದೆಗೆ 2024ರ ಜುಲೈನಲ್ಲಿ ರಾಜ್ಯ ಸಚಿವಸಂಪುಟ ಒಪ್ಪಿಗೆಯಿತ್ತಿತಾದರೂ, ಉದ್ಯಮಿಗಳ ಆಕ್ಷೇಪಣೆಯ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತು.

ಭಾಷೆ ಮತ್ತು ಸಾಹಿತ್ಯ

ಕನ್ನಡ, ಸಂಸ್ಕೃತ, ಹಿಂದಿ, ಮರಾಠಿ, ಇಂಗ್ಲಿಷ್ ಭಾಷೆಗಳಲ್ಲಿ ಪರಿಶ್ರಮವಿದ್ದ ಮಹಿಷಿಯವರು ಕವಿತೆಗಳನ್ನು ಬರೆದರು, ಅನುವಾದಗಳನ್ನು ಮಾಡಿದರು. ಸಂಸದೀಯ ಹಿಂದಿ ಪರಿಷತ್ತಿನ ಅಧ್ಯಕ್ಷೆಯಾಗಿ ದೀರ್ಘಕಾಲ ದುಡಿದರು. ಕನ್ನಡಿಗರ ಉದ್ಯೋಗದ ಹಕ್ಕಿಗೆ ವಾದಿಸಿದವರೇ ಹಿಂದಿಯ ಸಂಸ್ಥೆಯೊಂದನ್ನು ನಡೆಸಿದುದು ಮೇಲುನೋಟಕ್ಕೆ ವಿರೋಧಾಭಾಸದಂತೆ ಕಾಣಬಹುದು. ಆದರೆ ಅನ್ಯಭಾಷೆಯ ದ್ವೇಷದ ಮೇಲೆ ಸ್ವಭಾಷೆಯ ಪ್ರೀತಿಯನ್ನು ಕಟ್ಟದ, ಕಲಿಕೆಯಲ್ಲಿ ಔದಾರ್ಯವನ್ನೂ ಜೀವನೋಪಾಯದಲ್ಲಿ ನ್ಯಾಯವನ್ನೂ ಬೇರೆ ಬೇರೆಯಾಗಿ ತೂಗಿ ನೋಡುವ ಮನೋಧರ್ಮ ಇವರದು. ಗಡಿಸೀಮೆಯಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ. ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಿ ಗಿರಾಕಿಯೊಡನೆ ಮರಾಠಿಯಲ್ಲಿ ಚೌಕಾಶಿ ಮಾಡಿ, ಮಗ್ಗದ ಮನೆಯಲ್ಲಿ ಕನ್ನಡದಲ್ಲಿ ಲೆಕ್ಕ ಹೇಳುವುದು ತಲೆಮಾರುಗಳಿಂದ ನಡೆದುಬಂದ ರೀತಿ.

ತೇರದಾಳ ಪ್ರಾಂತ ಮತ್ತು ಅನಂತರದ ಮಹಿಳಾ ಪ್ರತಿನಿಧಿಗಳು

ಮಹಿಷಿಯವರು ತೆರೆದ ದಾರಿಯಲ್ಲಿ ಕರ್ನಾಟಕದ ಇತರ ಮಹಿಳೆಯರು ನಡೆದುದು ನಿಧಾನವಾಗಿ. ಬಳ್ಳಾರಿಯಿಂದ ಬಸವರಾಜೇಶ್ವರಿಯವರು 1984, 1989 ಮತ್ತು 1991ರಲ್ಲಿ ಆರಿಸಿಹೋಗಿ ಕೇಂದ್ರದಲ್ಲಿ ರಾಜ್ಯಸಚಿವೆಯಾದರು. ತೇರದಾಳದ ಪಶ್ಚಿಮಕ್ಕೆ ಹೊಂದಿಕೊಂಡ ಚಿಕ್ಕೋಡಿ ಕ್ಷೇತ್ರದಲ್ಲಿ, 1967ರಿಂದ ಸತತವಾಗಿ ಏಳು ಬಾರಿ ಗೆದ್ದಿದ್ದ ಬಿ. ಶಂಕರಾನಂದರನ್ನು 1996ರಲ್ಲಿ ಜನತಾದಳದ ರತ್ನಮಾಲಾ ಸವಣೂರರು ಪರಾಭವಗೊಳಿಸಿ, ಯೋಜನೆ ಮತ್ತು ಕಾರ್ಯಕ್ರಮ ಅನುಷ್ಠಾನ ಖಾತೆಯ ರಾಜ್ಯಸಚಿವೆಯಾದರು. 2021ರ ಉಪಚುನಾವಣೆಯಲ್ಲಿ ಬೆಳಗಾವಿಯಿಂದ ಮಂಗಲಾ ಅಂಗಡಿಯವರೂ, 2024ರಲ್ಲಿ ಚಿಕ್ಕೋಡಿಯಿಂದ ಪ್ರಿಯಾಂಕಾ ಜಾರಕಿಹೊಳಿಯವರೂ ಗೆದ್ದರು.

ತೇರದಾಳ, ಜಮಖಂಡಿ, ಮುಧೋಳ, ಬೀಳಗಿಗಳನ್ನೊಳಗೊಂಡ ಬಾಗಲಕೋಟೆ ಲೋಕಸಭಾ ಕ್ಷೇತ್ರದಿಂದ ಮಾತ್ರ ಇದುವರೆಗೆ ಒಬ್ಬ ಮಹಿಳೆಯೂ ಆರಿಸಿಹೋಗಿಲ್ಲ. 2019ರಲ್ಲಿ ವೀಣಾ ಕಾಶಪ್ಪನವರ, 2024ರಲ್ಲಿ ಸಂಯುಕ್ತಾ ಪಾಟೀಲ ಪ್ರಮುಖ ಪಕ್ಷದ ಹುರಿಯಾಳುಗಳಾಗಿ ನಿಂತು ಪಿ. ಸಿ. ಗದ್ದಿಗೌಡರರ ಎದುರು ಸೋತರು. ವಿಧಾನಸಭೆಯ ಮಟ್ಟದಲ್ಲಿ ತೇರದಾಳದ ಇತಿಹಾಸ ಬೇರೆ. ಕ್ಷೇತ್ರ ಪುನರ್ವಿಂಗಡಣೆಯಿಂದ 2008ರಲ್ಲಿ ಹೊಸದಾಗಿ ರಚಿತವಾದ ಈ ಕ್ಷೇತ್ರದಲ್ಲಿ, ರಂಗಭೂಮಿ ಮತ್ತು ಚಲನಚಿತ್ರಗಳ ಪ್ರಸಿದ್ಧ ನಟಿ, 'ಗುಲಾಬಿ ಟಾಕೀಸ್' ಚಿತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀಯವರು ಆ ವರ್ಷ ಸೋತು, 2013ರಲ್ಲಿ ಗೆದ್ದರು. ಸಿದ್ದರಾಮಯ್ಯನವರ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನು ನಿರ್ವಹಿಸಿದ ಅವರು 2018ರಲ್ಲಿ ಸಿದ್ದು ಸವದಿಯವರಿಗೆ ಸೋತು, 2023ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಮಗ್ಗವೇ ಜೀವಾಳವಾದ ರಬಕವಿ-ಬನಹಟ್ಟಿಯಲ್ಲಿ ದಾರ ಸುತ್ತುವುದು, ಕಂಡಿಕೆ ತುಂಬುವುದು ಬಹುಪಾಲು ಹೆಂಗಸರ ದುಡಿಮೆ. ಆದರೂ ಆ ದುಡಿಮೆಗೆ ಸಮನಾದ ಪ್ರಾತಿನಿಧ್ಯ ಸಂಸತ್ತಿನ ಮಟ್ಟದಲ್ಲಿ ಅವರಿಗೆ ಒದಗಿಲ್ಲ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೆಯ ಒಂದು ಪಾಲನ್ನು ಮಹಿಳೆಯರಿಗೆ ಮೀಸಲಿಡುವ ಸಂವಿಧಾನ ತಿದ್ದುಪಡಿಯನ್ನು ಸಂಸತ್ತು 2023ರ ಸೆಪ್ಟೆಂಬರ್‌ನಲ್ಲಿ ಅಂಗೀಕರಿಸಿತು; ಅದು ಕಾರ್ಯರೂಪಕ್ಕೆ ಬರುವುದನ್ನು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಗಳ ಅನಂತರಕ್ಕೆ ಇರಿಸಲಾಯಿತು.

ನಿಧನ ಮತ್ತು ಮೌಲ್ಯಮಾಪನ

ದೇವರಾಜ ಅರಸು ಪ್ರಶಸ್ತಿಯೇ ಮೊದಲಾದ ಗೌರವಗಳಿಗೆ ಪಾತ್ರರಾದ ಮಹಿಷಿಯವರು, 2015ರ ಜನವರಿ 25ರಂದು ದೆಹಲಿಗೆ ಸಮೀಪದ ಗಾಜಿಯಾಬಾದಿನಲ್ಲಿ ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ನಿಧನರಾದರು. ಇವರು ವಹಿಸಿದ ಖಾತೆಗಳ ನೆನಪು ಮಾಸಿದೆ. ಆದರೆ ಪ್ರತಿಯೊಂದು ಕನ್ನಡ ಚಳವಳಿಯ ಫಲಕದಲ್ಲಿ, ಪ್ರತಿಯೊಂದು ಸರ್ಕಾರದ ಭರವಸೆಯಲ್ಲಿ ಮಹಿಷಿ ವರದಿಯ ಜಾರಿಯ ಮಾತು ಮರಳಿ ಬರುತ್ತಲೇ ಇದೆ. ಇಷ್ಟು ನೆನೆಯಲ್ಪಟ್ಟ ವರದಿ ಇಷ್ಟು ಕಡಿಮೆ ಜಾರಿಯಾದುದಕ್ಕೆ ಇಚ್ಛಾಶಕ್ತಿಯ ಅಭಾವವನ್ನು ಕಾರಣವಾಗಿ ಹೇಳುವುದು ರೂಢಿ. ಅದು ಅರ್ಧಸತ್ಯ ಮಾತ್ರ. ಸರ್ಕಾರಿ ಉದ್ಯೋಗದಲ್ಲಿ ವಾಸಸ್ಥಳವನ್ನು ಅರ್ಹತೆಯಾಗಿಸುವ ಅಧಿಕಾರ ಬೆಂಗಳೂರಿನ ವಿಧಾನಸೌಧಕ್ಕಿಲ್ಲ, ಸಂಸತ್ತಿಗೆ ಮಾತ್ರ ಇದೆ. ಅಂಥ ಸಂಸತ್ತಿನ ಸದಸ್ಯೆಯಾಗಿದ್ದುಕೊಂಡೇ ಮಹಿಷಿಯವರು ಆ ವರದಿಯನ್ನು ರಾಜ್ಯ ಸರ್ಕಾರಕ್ಕೆ ಬರೆದುಕೊಟ್ಟರು. ಆದುದರಿಂದ ಅದರ ಮುಖ್ಯ ಶಿಫಾರಸುಗಳ ಹೊಣೆ ಕರ್ನಾಟಕದ ಮಂತ್ರಿಗಳಷ್ಟೇ, ಪ್ರಾಯಶಃ ಅವರಿಗಿಂತ ಹೆಚ್ಚಾಗಿ, ಈ ನಾಡು ದೆಹಲಿಗೆ ಕಳುಹಿಸುವ 28 ಮಂದಿ ಲೋಕಸಭಾ ಸದಸ್ಯರ ಮೇಲಿದೆ.